ಮಣ್ಣು ಕಾಪಾಡಿದ ಮನೆಗಳು: ನೀಯಾ ಬೇಯ ಮಕಾ ವಸ್ತುಸಂಗ್ರಹಾಲಯ, ಒಂದು ಪ್ರಕರಣ ಅಧ್ಯಯನ

ಅಮೆರಿಕದ ವಾಷಿಂಗ್ಟನ್ ರಾಜ್ಯದ ವಾಯವ್ಯ ಮೂಲೆಯಲ್ಲಿ, ಹ್ವಾನ್ ಡಿ ಫ್ಯೂಕಾ ಜಲಸಂಧಿಯು ಪೆಸಿಫಿಕ್ ಸಾಗರವನ್ನು ಕೂಡುವ ಕಡೆ, ನೀಯಾ ಬೇ ಎಂಬ ಊರಿದೆ. ಅಮೆರಿಕದ ಮೂಲನಿವಾಸಿಗಳಾದ ಮಕಾ ಜನರ ಮೀಸಲು ಪ್ರದೇಶದ ಮುಖ್ಯ ನೆಲೆಯಾದ ಈ ಊರಿನ ಜನಸಂಖ್ಯೆ ಸುಮಾರು ಒಂದು ಸಾವಿರ. ಹತ್ತಿರದ ದೊಡ್ಡ ಪಟ್ಟಣವಾದ ಪೋರ್ಟ್ ಏಂಜಲಿಸ್‌ನಿಂದ ಇಲ್ಲಿಗೆ ಸುಮಾರು 110 ಕಿಲೋಮೀಟರು ದೂರ. ಕೊನೆಯ ಹಂತದಲ್ಲಿ ಕಡಲ ದಂಡೆಗೆ ಅಂಟಿಕೊಂಡು ಸಾಗುವ 112ನೆಯ ಹೆದ್ದಾರಿಯೊಂದೇ ದಾರಿ. ಚಳಿಗಾಲದ ಮಳೆಗೆ ಗುಡ್ಡ ಜಾರಿ ಆ ದಾರಿಯೂ ಕೆಲವೊಮ್ಮೆ ಮುಚ್ಚಿಹೋಗುತ್ತದೆ. ಆ ದಾರಿ ಊರನ್ನು ಮುಟ್ಟುವಲ್ಲಿ, ಎಡಗಡೆಗೆ ಅಗಲವಾಗಿ ಹರಡಿಕೊಂಡ ಮರದ ಕಟ್ಟಡವೊಂದು ಕಾಣುತ್ತದೆ. ಅದು 1979ರಲ್ಲಿ ತೆರೆದ ಮಕಾ ಸಾಂಸ್ಕೃತಿಕ ಮತ್ತು ಸಂಶೋಧನಾ ಕೇಂದ್ರದ ವಸ್ತುಸಂಗ್ರಹಾಲಯ.

ಈ ಕೇಂದ್ರದ ವಶದಲ್ಲಿ 55,000ಕ್ಕೂ ಹೆಚ್ಚು ವಸ್ತುಗಳಿವೆ. ಅವುಗಳಲ್ಲಿ ಬಹುಪಾಲು ಮರ, ನಾರು, ತೊಗಟೆಗಳಿಂದ ಮಾಡಿದವು, ಎಂದರೆ ಸಾಮಾನ್ಯವಾಗಿ ಕೆಲವೇ ದಶಕಗಳಲ್ಲಿ ಕೊಳೆತು ಹೋಗುವಂಥವು. ಯುರೋಪಿನ ಜನ ಈ ಕರಾವಳಿಗೆ ಬರುವುದಕ್ಕಿಂತ ಮೊದಲಿನ ಮನೆಯೊಂದರೊಳಗಿನ ಬದುಕು ಇಷ್ಟು ಸಮಗ್ರವಾಗಿ ಉಳಿದು ಬಂದಿರುವ ನಿದರ್ಶನ ಉತ್ತರ ಅಮೆರಿಕದಲ್ಲಿ ತೀರ ಅಪರೂಪ. ಇಂಥ ಸಂಗ್ರಹ ಮಹಾನಗರದ ದೊಡ್ಡ ಸಂಸ್ಥೆಯೊಂದರಲ್ಲಿ ಇರದೆ, ರಸ್ತೆಯ ಕೊನೆಯ ಸಣ್ಣ ಊರಿನಲ್ಲಿ ಹೇಗೆ ನೆಲೆಸಿತು, ಹಾಗೆ ನೆಲೆಸಿದ್ದರಿಂದ ನೋಡಲು ಬರುವವನಿಗೆ ಕಾಣುವ ಚಿತ್ರ ಹೇಗೆ ಬದಲಾಯಿತು ಎಂಬುದನ್ನು ಈ ಬರಹದಲ್ಲಿ ಪರಿಶೀಲಿಸುತ್ತೇನೆ. ಪ್ರದರ್ಶನದ ಸೊಗಸಿಗಿಂತ ಅದರ ಹಿಂದಿನ ತೀರ್ಮಾನವೇ ಈ ಪ್ರಕರಣದ ತಿರುಳು ಎಂಬುದು ನನ್ನ ನಂಬಿಕೆ.

ದಂಡೆ ಒಡೆದ ಚಳಿಗಾಲ

ಮಕಾ ಎಂಬುದು ನೆರೆಯ ಜನ ಇವರಿಗೆ ಇಟ್ಟ ಹೆಸರು. ಊಟ ನೀಡುವುದರಲ್ಲಿ ಧಾರಾಳಿಗಳು ಎಂಬುದು ಅದರ ಅರ್ಥವೆಂದು ಹೇಳುತ್ತಾರೆ. ತಮ್ಮ ಭಾಷೆಯಲ್ಲಿ ಅವರು ತಮ್ಮನ್ನು ಬಂಡೆಗಳ ಮತ್ತು ಕಡಲಹಕ್ಕಿಗಳ ಬಳಿ ಬಾಳುವ ಜನ ಎಂದು ಕರೆದುಕೊಳ್ಳುತ್ತಾರೆ. ಎದುರಿನ ವ್ಯಾಂಕೂವರ್ ದ್ವೀಪದ ನೂ-ಚಾ-ನುಲ್ತ್ ಜನರೊಡನೆ ಅವರಿಗೆ ಭಾಷೆಯ ಮತ್ತು ರಕ್ತದ ನಂಟಿದೆ. ಹಿಂದೆ ಅವರಿಗೆ ಐದು ಕಾಯಂ ಹಳ್ಳಿಗಳಿದ್ದವು. ಅವುಗಳಲ್ಲಿ ದಕ್ಷಿಣದ ತುದಿಯದು ಓಜೆಟ್. ಕೇಪ್ ಅಲಾವಾ ಎಂಬ ಭೂಶಿರದಲ್ಲಿ, ತೆರೆದ ಸಾಗರಕ್ಕೆ ಮುಖಮಾಡಿ, ಹೊರಗಿನ ಬಂಡೆಸಾಲು ಮತ್ತು ನಡುಗಡ್ಡೆಗಳ ಮರೆಯಲ್ಲಿದ್ದ ಈ ಹಳ್ಳಿ ವಲಸೆ ಹೋಗುವ ತಿಮಿಂಗಿಲಗಳ ದಾರಿಗೆ ಅತ್ಯಂತ ಸಮೀಪದ್ದಾಗಿತ್ತು. ಮಕ್ಕಳನ್ನು ನೀಯಾ ಬೇಯ ಸರ್ಕಾರಿ ಶಾಲೆಗೆ ಕಳುಹಿಸಲೇಬೇಕೆಂಬ ಒತ್ತಾಯದಿಂದಾಗಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕುಟುಂಬಗಳು ಒಂದೊಂದಾಗಿ ಅಲ್ಲಿಂದ ಕದಲಿದವು, ಹಳ್ಳಿ ಬರಿದಾಯಿತು. ಆದರೆ ಓಜೆಟ್‌ನಲ್ಲಿ ಹಿಂದೊಮ್ಮೆ ಗುಡ್ಡ ಕುಸಿದು ಮನೆಗಳ ಮೇಲೆ ಬಿದ್ದಿತ್ತೆಂಬ ಮಾತು ಹಿರಿಯರ ಬಾಯಲ್ಲಿ ಉಳಿದೇ ಇತ್ತು.

ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ಪುರಾತತ್ತ್ವಜ್ಞ ರಿಚರ್ಡ್ ಡಾಹರ್ಟಿ 1947ರಲ್ಲಿ ಕರಾವಳಿಯ ಸಮೀಕ್ಷೆ ನಡೆಸುವಾಗಲೇ ಓಜೆಟ್‌ನ ಚಿಪ್ಪುದಿಬ್ಬವನ್ನು, ಎಂದರೆ ಜನ ತಿಂದು ಬಿಸಾಡಿದ ಚಿಪ್ಪು ಮೂಳೆಗಳು ರಾಶಿಯಾಗಿ ಬೆಳೆದ ದಿನ್ನೆಯನ್ನು, ಗುರುತಿಸಿದ್ದರು. 1966 ಮತ್ತು 1967ರಲ್ಲಿ ಅಲ್ಲಿ ಪರೀಕ್ಷಾರ್ಥ ಅಗೆತವೂ ನಡೆದಿತ್ತು. 1970ರ ಚಳಿಗಾಲದಲ್ಲಿ ಬೀಸಿದ ಬಿರುಗಾಳಿಯ ಅಲೆಗಳು ದಂಡೆಯ ಕೆಳಭಾಗವನ್ನು ಕೊರೆದವು; ಮೇಲಿನ ಮಣ್ಣು ಜಾರಿತು; ಅದರ ಒಡಲಿನಿಂದ ಹಲಗೆಗಳೂ ಹುಟ್ಟಿನಂಥ ಮರದ ವಸ್ತುಗಳೂ ಹೊರಗೆ ಇಣುಕಿದವು. ಆ ದಾರಿಯಲ್ಲಿ ನಡೆದು ಹೋಗುತ್ತಿದ್ದ ಚಾರಣಿಗರ ಕಣ್ಣಿಗೆ ಅವು ಬಿದ್ದವು, ಕೆಲವರ ಕೈಗೂ ಸೇರತೊಡಗಿದವು. ಸುದ್ದಿ ತಿಳಿದ ಮಕಾ ಬುಡಕಟ್ಟು ಮಂಡಳಿಯ ಅಧ್ಯಕ್ಷ ಎಡ್ ಕ್ಲಾಪ್ಲನ್‌ಹೂ ಅವರು ಡಾಹರ್ಟಿಯವರಿಗೆ ಕರೆ ಮಾಡಿದರು. ಕ್ಲಾಪ್ಲನ್‌ಹೂ ಅದೇ ವಿಶ್ವವಿದ್ಯಾಲಯದಲ್ಲಿ ಓದಿದವರು.

ಯಾರು ಯಾರನ್ನು ಕರೆದರು ಎಂಬುದು ಇಲ್ಲಿ ಬಹಳ ಮುಖ್ಯವೆಂದು ನನಗನ್ನಿಸುತ್ತದೆ. ವಿದ್ವಾಂಸರು ಬಂದು ಅನುಮತಿ ಕೇಳಿ, ಅಗೆದು, ಪೆಟ್ಟಿಗೆ ಕಟ್ಟಿಕೊಂಡು ಹೋಗುವುದು ಆವರೆಗಿನ ರೂಢಿ. ಇದೇ ನೀಯಾ ಬೇಯಲ್ಲಿ 1860ರ ದಶಕದಲ್ಲಿ ಶಾಲೆಯ ಮೇಷ್ಟರಾಗಿದ್ದ ಜೇಮ್ಸ್ ಸ್ವಾನ್ ಮಕಾ ಜನರ ಬದುಕಿನ ಬಗ್ಗೆ ಎಚ್ಚರಿಕೆಯಿಂದ ಬರೆದಿಟ್ಟರು. ಅವರು ಕಲೆಹಾಕಿದ ವಸ್ತುಗಳು ಮಾತ್ರ ಸ್ಮಿತ್ಸೋನಿಯನ್ ಸಂಸ್ಥೆಗೆ, ಖಂಡದ ಇನ್ನೊಂದು ತುದಿಗೆ, ಸಾಗಿದವು. 1970ರಲ್ಲಿ ಕರೆ ಹೋದದ್ದು ಊರಿನಿಂದ. ಅದರೊಂದಿಗೆ ಒಂದು ಷರತ್ತೂ ಇತ್ತು: ಸಿಕ್ಕಿದ್ದೆಲ್ಲವೂ ಮಕಾ ನೆಲದಲ್ಲೇ ಉಳಿಯಬೇಕು. ಅದೇ ವರ್ಷ ಅಮೆರಿಕದ ಕಾಂಗ್ರೆಸ್ಸು ಓಜೆಟ್‌ನ ಮೀಸಲು ಭೂಮಿಯನ್ನು ಮಕಾ ಜನರ ಹಿತಕ್ಕಾಗಿ ಕಾಯ್ದಿಡುವ ಕಾನೂನನ್ನು ಅಂಗೀಕರಿಸಿದ್ದರಿಂದ ಆ ಷರತ್ತಿಗೆ ಗಟ್ಟಿಯಾದ ನೆಲೆ ದೊರೆಯಿತು. ಬುಡಕಟ್ಟು ಜನರ ಪವಿತ್ರ ವಸ್ತುಗಳನ್ನೂ ಪೂರ್ವಜರ ಅವಶೇಷಗಳನ್ನೂ ಸಂಸ್ಥೆಗಳು ಹಿಂದಿರುಗಿಸಬೇಕೆಂಬ ಒಕ್ಕೂಟ ಕಾನೂನು ಬಂದದ್ದು 1990ರಲ್ಲಿ, ಎಂದರೆ ಇದಾದ ಇಪ್ಪತ್ತು ವರ್ಷಗಳ ಮೇಲೆ.

ಹನ್ನೊಂದು ವರ್ಷಗಳ ಅಗೆತ

ಅಗೆತ 1970ರಿಂದ 1981ರವರೆಗೆ ನಡೆಯಿತು. ಸ್ಥಳಕ್ಕೆ ರಸ್ತೆಯಿರಲಿಲ್ಲ, ಓಜೆಟ್ ಸರೋವರದ ದಡದಿಂದ ಕಾಡಿನೊಳಗೆ ಸುಮಾರು ಐದು ಕಿಲೋಮೀಟರು ನಡೆಯಬೇಕಿತ್ತು, ಭಾರದ ಸಾಮಾನು ಹೆಲಿಕಾಪ್ಟರಿನಲ್ಲಿ ಬರಬೇಕಿತ್ತು. ಚಳಿಗಾಲದಲ್ಲೂ ಕೆಲಸ ನಿಲ್ಲಲಿಲ್ಲ. ವಿದ್ಯಾರ್ಥಿಗಳ ಜೊತೆಗೆ ಮಕಾ ಯುವಕ ಯುವತಿಯರೂ ಕೆಸರಿನಲ್ಲಿ ಮಂಡಿಯೂರಿ ದುಡಿದರು.

ಮೂರರಿಂದ ಐದು ಶತಮಾನಗಳ ಹಿಂದೆ ಯಾವುದೋ ಗಳಿಗೆಯಲ್ಲಿ ಹಳ್ಳಿಯ ಹಿಂದಿನ ಗುಡ್ಡದ ಜೇಡಿಮಣ್ಣು ನೀರು ಕುಡಿದು ಸಡಿಲಗೊಂಡು, ಒಮ್ಮೆಲೇ ಹರಿದು, ಹಲವು ಸಂಸಾರಗಳು ಕೂಡಿ ಬಾಳುವ ಹಲಗೆಯ ಉದ್ದಮನೆಗಳಲ್ಲಿ ಹಲವನ್ನು ಅವುಗಳೊಳಗಿನ ಸಮಸ್ತ ಸರಂಜಾಮಿನೊಡನೆ ಮುಚ್ಚಿಹಾಕಿತ್ತು. ಜೇಡಿಮಣ್ಣು ಗಾಳಿಯನ್ನು ಒಳಗೆ ಬಿಡಲಿಲ್ಲ, ಗುಡ್ಡದ ಒರತೆ ಅದನ್ನು ಒಣಗಲು ಬಿಡಲಿಲ್ಲ. ಆಮ್ಲಜನಕವಿಲ್ಲದೆಡೆ ಮರವನ್ನು ತಿನ್ನುವ ಶಿಲೀಂಧ್ರಗಳೂ ಬಹುತೇಕ ಸೂಕ್ಷ್ಮಾಣುಗಳೂ ಬದುಕಲಾರವಾದ್ದರಿಂದ ಹಲಗೆ, ಬುಟ್ಟಿ, ಹಗ್ಗ, ಚಾಪೆಗಳೆಲ್ಲ ಹಾಗೆಯೇ ಉಳಿದವು. ಅಗೆಯುವವರು ತೆರೆದಾಗ ಇನ್ನೂ ಹಸಿರಾಗಿದ್ದ ಎಲೆಗಳು ಗಾಳಿ ಸೋಕಿದ ಕೂಡಲೇ ಕಂದಿಹೋದವಂತೆ.

ಇಷ್ಟು ಮೆತ್ತಗಿನ ವಸ್ತುಗಳ ಮೇಲೆ ಕರಣೆ ಆಡಿಸುವಂತಿರಲಿಲ್ಲ. ಕಡಲಿನಿಂದ ನೀರನ್ನು ಪಂಪಿನಲ್ಲಿ ಎತ್ತಿ, ರಬ್ಬರ್ ಕೊಳವೆಯ ಮೂತಿಯಲ್ಲಿ ಒತ್ತಡವನ್ನು ಹೆಚ್ಚುಕಡಿಮೆ ಮಾಡುತ್ತಾ, ದಪ್ಪ ಹಲಗೆಗೆ ಬಿರುಸಾದ ಧಾರೆ, ಬುಟ್ಟಿಯ ನಾರಿಗೆ ಹನಿಯಂಥ ತುಂತುರು ಎಂಬಂತೆ ಮಣ್ಣನ್ನು ತೊಳೆದು ತೆಗೆದರು. ಹೊರಬಂದ ವಸ್ತುವಿನ ಕಷ್ಟ ಆಗ ಶುರುವಾಗುತ್ತದೆ. ನೂರಾರು ವರ್ಷ ನೀರು ತುಂಬಿಕೊಂಡ ಮರದ ಕೋಶಗಳ ಗೋಡೆ ಸವೆದಿರುತ್ತದೆ. ಅದನ್ನು ಸುಮ್ಮನೆ ಒಣಗಲು ಬಿಟ್ಟರೆ ಕೋಶಗಳು ಕುಸಿದು ವಸ್ತು ಸುಕ್ಕುಗಟ್ಟಿ, ಸೊಟ್ಟಗಾಗಿ, ಬಿರಿದು ಹಾಳಾಗುತ್ತದೆ. ಆದುದರಿಂದ ನೀಯಾ ಬೇಯಲ್ಲಿ ಸ್ಥಾಪಿಸಿದ ಪ್ರಯೋಗಾಲಯದಲ್ಲಿ ಪ್ರತಿಯೊಂದನ್ನೂ ಪಾಲಿಎಥಿಲೀನ್ ಗ್ಲೈಕಾಲ್ ಎಂಬ, ನೀರಿನಲ್ಲಿ ಕರಗುವ ಮೇಣದಂಥ ದ್ರವ್ಯದಲ್ಲಿ ನೆನೆಸಿಟ್ಟರು. ಆ ದ್ರವ್ಯ ನಿಧಾನವಾಗಿ ನೀರಿನ ಜಾಗವನ್ನು ಹಿಡಿದು ಕೋಶಗಳಿಗೆ ಒಳಗಿನಿಂದ ಆಸರೆ ಕೊಡುತ್ತದೆ. ಸಣ್ಣ ವಸ್ತುವಿಗೂ ಇದು ತಿಂಗಳುಗಟ್ಟಲೆ ಹಿಡಿಯುತ್ತದೆ, ದಪ್ಪ ಮರಕ್ಕೆ ವರ್ಷಗಳೇ ಬೇಕು. ಇಂದು ಗಾಜಿನ ಹಿಂದೆ ಕಾಣುವ ಓಜೆಟ್‌ನ ಮರದ ಸಾಮಾನುಗಳು ಕಪ್ಪುಮಿಶ್ರಿತ ಕಂದು ಬಣ್ಣದಲ್ಲಿ ಕೊಂಚ ಮೇಣದ ಹೊಳಪಿನೊಡನೆ ಕಾಣುವುದಕ್ಕೆ ಈ ಉಪಚಾರವೂ ಒಂದು ಕಾರಣ.

ಮೂರು ಮನೆಗಳ ನೆಲ ಬಹುಪಾಲು ಬಯಲಾಯಿತು. ಮೊದಲನೆಯದು ಸುಮಾರು 21 ಮೀಟರು ಉದ್ದ, 14 ಮೀಟರು ಅಗಲದ್ದು. ಒಂದೇ ಸೂರಿನಡಿ ಹಲವು ಸಂಸಾರಗಳು, ಒಂದೊಂದಕ್ಕೂ ತನ್ನದೇ ಒಲೆ. ನೆಲದ ಮೇಲೆ ಬಿದ್ದ ಚಿಪ್ಪು, ಮೂಳೆ, ಚೂರುಗಳ ಹರವನ್ನು ಗುರುತು ಹಾಕಿ ನೋಡಿದಾಗ ಮೊದಲ ಮನೆ ಉಳಿದವುಗಳಿಗಿಂತ ಚೊಕ್ಕಟವಾಗಿದ್ದುದು, ತಿಮಿಂಗಿಲ ಬೇಟೆಯ ಸಲಕರಣೆಯೂ ಅಲಂಕಾರದ ಚಿಪ್ಪುಗಳೂ ಅಲ್ಲಿ ಹೆಚ್ಚಾಗಿದ್ದುದು ಕಂಡಿತು. ಅದು ಮೇಲ್ದರ್ಜೆಯ ಕುಟುಂಬದ ಮನೆಯಾಗಿತ್ತೆಂದು ವಿದ್ವಾಂಸರು ತಿಳಿಯುತ್ತಾರೆ. ಅಕ್ಕಪಕ್ಕದ ಎರಡು ಮನೆಗಳವರು ತಿಂದು ಬಿಟ್ಟ ಚಿಪ್ಪುಗಳ ಜಾತಿಗಳಲ್ಲೂ ವ್ಯತ್ಯಾಸವಿತ್ತು. ಪ್ರತಿ ಮನೆತನಕ್ಕೂ ತನ್ನದೇ ಆದ ದಂಡೆ, ತನ್ನದೇ ಆದ ಮೀನಿನ ತಾಣ ಇರುತ್ತಿತ್ತೆಂದು ಹಿರಿಯರು ಹೇಳುತ್ತಿದ್ದುದಕ್ಕೆ ಕಸದ ರಾಶಿ ಕೊಟ್ಟ ಸಾಕ್ಷಿ ಅದು.

ಸಭಾಂಗಣಗಳ ಒಳಗೆ

ಪ್ರದರ್ಶನ ಋತುಗಳನ್ನು ಅನುಸರಿಸುತ್ತದೆ. ವಸಂತದಲ್ಲಿ ಕಡಲಿಗೆ ಇಳಿಯುವುದು, ಬೇಸಿಗೆಯಲ್ಲಿ ಹಾಲಿಬಟ್ ಮೀನನ್ನು ಹಿಡಿದು ಒಣಗಿಸುವುದು, ಶರತ್ಕಾಲದಲ್ಲಿ ನದಿಗೆ ಏರುವ ಸಾಲ್ಮನ್, ಚಳಿಗಾಲದಲ್ಲಿ ಮನೆಯೊಳಗಿನ ಕೆತ್ತನೆ, ನೇಯ್ಗೆ, ಕೂಟಗಳು. ಶತಮಾನಗಳ ಅನುಕ್ರಮದಲ್ಲಿ ವಸ್ತುಗಳನ್ನು ಸಾಲಾಗಿ ಇಡುವ ಪದ್ಧತಿಗೆ ಒಗ್ಗಿದವರಿಗೆ ಮೊದಲು ತುಸು ತಬ್ಬಿಬ್ಬಾಗಬಹುದು. ಆದರೆ ಒಂದೇ ಗಳಿಗೆಯಲ್ಲಿ ಮುಚ್ಚಿಹೋದ ಮನೆಯ ವಸ್ತುಗಳಿಗೆ ಕಾಲಾನುಕ್ರಮ ಎಲ್ಲಿಂದ ಬರಬೇಕು? ಅವೆಲ್ಲ ಒಂದೇ ದಿನದವು. ವರ್ಷದ ಆವರ್ತನದಲ್ಲಿ ಯಾವುದಕ್ಕೆ ಯಾವಾಗ ಕೆಲಸವಿತ್ತು ಎಂಬುದರಂತೆ ಜೋಡಿಸಿರುವುದು ವಸ್ತುಗಳಿಗೇ ಸಲ್ಲುವ ಕ್ರಮ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ತಿಮಿಂಗಿಲದ ಬೆನ್ನುರೆಕ್ಕೆಯ ಆಕಾರದಲ್ಲಿ ಸೀಡರ್ ಮರದಿಂದ ಕೆತ್ತಿದ ವಸ್ತುವಿನ ಮುಂದೆ. ಅದರ ಮೈಮೇಲೆ ಕಡಲ ನೀರುನಾಯಿಯ 700ಕ್ಕೂ ಹೆಚ್ಚು ಹಲ್ಲುಗಳನ್ನು ಕೂರಿಸಿದ್ದಾರೆ. ಆ ಹಲ್ಲುಗಳಲ್ಲಿ ಕೆಲವು ಸೇರಿ ಗುಡುಗುಹಕ್ಕಿಯ ರೂಪವಾಗುತ್ತವೆ. ತಿಮಿಂಗಿಲವನ್ನು ಎತ್ತಿಕೊಂಡು ಹೋಗಬಲ್ಲ, ಈ ಕರಾವಳಿಯ ಕಥೆಗಳ ಮಹಾಪಕ್ಷಿ ಅದು. ಈ ವಸ್ತುವಿಗೆ ಅಡುಗೆಯಲ್ಲಾಗಲಿ ಬೇಟೆಯಲ್ಲಾಗಲಿ ನೇರ ಉಪಯೋಗವಿರಲಿಲ್ಲ. ಬೇಟೆ ಯಶಸ್ವಿಯಾದಾಗಿನ ಆಚರಣೆಗೆ, ಬೇಟೆಗಾರ ಮುಖಂಡನ ಮನೆತನದ ಗೌರವಕ್ಕೆ ಸೇರಿದ್ದು ಅದು. ಬೇಟೆಯ ಸಲಕರಣೆಯನ್ನು ಮೊದಲು ನೋಡಿ ಆಮೇಲೆ ಇದರ ಬಳಿ ಬರುವುದು ಒಳ್ಳೆಯದೆಂದು ನನ್ನ ಸಲಹೆ. ಯೂ ಮರದ ಭಾರವಾದ ಈಟಿಕೋಲು, ಮಸ್ಸೆಲ್ ಚಿಪ್ಪನ್ನು ಸಾಣೆ ಹಿಡಿದು ಮಾಡಿದ ಅಲಗು, ಆ ಅಲಗನ್ನು ಮಡಿಸಿಡುವ ಸೀಡರ್ ತೊಗಟೆಯ ಚೀಲ, ತಿಮಿಂಗಿಲವನ್ನು ದಣಿಸಲು ಹಗ್ಗಕ್ಕೆ ಕಟ್ಟಿ ತೇಲಿಬಿಡುತ್ತಿದ್ದ ಸೀಲ್ ಚರ್ಮದ ಬುರುಡೆಗಳು, ಎಂಟು ಜನ ಕೂರುವ ಸೀಡರ್ ದೋಣಿ. ಸತ್ತ ತಿಮಿಂಗಿಲ ಮುಳುಗಬಾರದೆಂದು ಒಬ್ಬನು ನೀರಿಗೆ ಧುಮುಕಿ ಅದರ ಬಾಯಿಯನ್ನು ಹೊಲಿಯುತ್ತಿದ್ದ. ಇವೆಲ್ಲವನ್ನೂ ಕಂಡವನಿಗೆ ಆ ಹಲ್ಲಿನ ಕೆತ್ತನೆಯ ಹಿಂದಿನ ಗಾಂಭೀರ್ಯ ತಾನಾಗಿ ಅರ್ಥವಾಗುತ್ತದೆ. ಅಗೆತದಲ್ಲಿ 3,000ಕ್ಕೂ ಹೆಚ್ಚು ತಿಮಿಂಗಿಲ ಮೂಳೆಗಳು ಸಿಕ್ಕವು. ಮನೆಗಳ ಸುತ್ತ ಮಳೆನೀರನ್ನು ತಿರುಗಿಸಲು, ಮಣ್ಣನ್ನು ತಡೆಯಲು ಸಹ ಆ ಮೂಳೆಗಳನ್ನೇ ನೆಟ್ಟಿದ್ದರು.

ಸಣ್ಣ ವಸ್ತುಗಳನ್ನು ಅವಸರದಲ್ಲಿ ದಾಟಿ ಹೋಗುವವರು ಹೆಚ್ಚು ಕಳೆದುಕೊಳ್ಳುತ್ತಾರೆ. ಮನುಷ್ಯನ ರೂಪದಲ್ಲಿ ಕೆತ್ತಿದ ಎಣ್ಣೆಯ ಬೋಗುಣಿ, ಒಂದೇ ಹಲಗೆಯನ್ನು ಹಬೆಯಲ್ಲಿ ಬಗ್ಗಿಸಿ ನಾಲ್ಕು ಮೂಲೆ ಮಾಡಿದ ಪೆಟ್ಟಿಗೆ, ಮಗ್ಗದ ಭಾಗಗಳು, ಮಕ್ಕಳ ಆಟದ ಪುಟ್ಟ ಬಿಲ್ಲುಗಳು ಇಲ್ಲಿವೆ. ನಾಯಿಯ ಕೂದಲನ್ನು ಸೇರಿಸಿ ನೇಯ್ದ, ಚೌಕುಳಿ ವಿನ್ಯಾಸದ ಕಂಬಳಿಯೂ ಈ ಮನೆಗಳಲ್ಲಿ ದೊರೆಯಿತು. ಕೂದಲಿಗಾಗಿಯೇ ಸಾಕುತ್ತಿದ್ದ ಆ ನಾಯಿತಳಿ ಈಗ ಇಲ್ಲ. ತುರಚೆ ಗಿಡದ ನಾರಿನಿಂದ ಹೆಣೆದ ಬಲೆಯ ತುಣುಕುಗಳಿಗೆ ವಿಶೇಷ ಮಹತ್ತ್ವವಿದೆ. ಅಮೆರಿಕ ಸರ್ಕಾರದೊಡನೆ ಹತ್ತೊಂಬತ್ತನೆಯ ಶತಮಾನದಲ್ಲಿ ಆದ ಒಪ್ಪಂದದಂತೆ ಮೀನು ಹಿಡಿಯುವ ಹಕ್ಕಿನ ವ್ಯಾಪ್ತಿ ಎಷ್ಟೆಂಬುದು ಆ ವರ್ಷಗಳಲ್ಲಿ ನ್ಯಾಯಾಲಯದಲ್ಲಿತ್ತು. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ಅವರು ವಾಷಿಂಗ್ಟನ್‌ನ ಬುಡಕಟ್ಟುಗಳಿಗೆ ಹಿಡಿಯಬಹುದಾದ ಮೀನಿನ ಅರ್ಧದಷ್ಟರ ಮೇಲೆ ಹಕ್ಕಿದೆಯೆಂದು ತೀರ್ಪಿತ್ತರು. ತಮ್ಮ ಪೂರ್ವಜರು ಬಲೆ ಬಳಸುತ್ತಿದ್ದರೆಂದು ಮಕಾ ಹಿರಿಯರು ಹೇಳುತ್ತ ಬಂದಿದ್ದ ಮಾತಿಗೆ ಕೈಯಲ್ಲಿ ಹಿಡಿಯಬಹುದಾದ ಪುರಾವೆ ಕೆಸರಿನಿಂದ ಎದ್ದುಬಂತು.

ಇನ್ನೊಂದು ಅಚ್ಚರಿ ಕಬ್ಬಿಣದ್ದು. ಕಬ್ಬಿಣವನ್ನು ಕರಗಿಸುವುದನ್ನು ಅರಿಯದ, ಯುರೋಪಿನ ಹಡಗುಗಳನ್ನು ಇನ್ನೂ ಕಾಣದ ಈ ಮನೆಗಳಲ್ಲಿ ಕಬ್ಬಿಣದ ಅಲಗಿನ ಉಳಿಗಳಿದ್ದವು. ಪೆಸಿಫಿಕ್‌ನ ಪ್ರವಾಹಕ್ಕೆ ಸಿಕ್ಕಿ ಏಷ್ಯಾದ ಕಡೆಯಿಂದ ತೇಲಿಬಂದ ಹಡಗುಗಳ ಅವಶೇಷಗಳಿಂದ ಆ ಲೋಹ ಬಂದಿರಬೇಕೆಂಬುದು ಪುರಾತತ್ತ್ವಜ್ಞರ ವಿವರಣೆ. ಅದು ಬರಿಯ ಊಹೆಯಲ್ಲವೆಂಬುದನ್ನು ಮುಂದಿನ ಒಂದು ಘಟನೆ ತೋರಿಸುತ್ತದೆ: ಹೋಜುನ್‌ಮಾರು ಎಂಬ ಜಪಾನಿನ ಹಡಗು ಬಿರುಗಾಳಿಯಲ್ಲಿ ಚುಕ್ಕಾಣಿ ಕಳೆದುಕೊಂಡು ಒಂದು ವರ್ಷಕ್ಕೂ ಹೆಚ್ಚು ಕಾಲ ತೇಲುತ್ತಾ 1834ರಲ್ಲಿ ಇದೇ ಕರಾವಳಿಗೆ ಬಂದು ಬಡಿಯಿತು. ಬದುಕುಳಿದಿದ್ದ ಮೂವರನ್ನು ಮಕಾ ಜನ ಆ ಕಾಲದ ರೂಢಿಯಂತೆ ದಾಸರಾಗಿ ಇಟ್ಟುಕೊಂಡರು. ಬಳಿಕ ಅವರು ಬ್ರಿಟಿಷ್ ವ್ಯಾಪಾರ ಕೋಟೆಯೊಂದಕ್ಕೆ ಸೇರಿದರು. ಮುಖಂಡರು, ಸಾಮಾನ್ಯರು, ದಾಸರು ಎಂಬ ಮೂರು ಅಂತಸ್ತುಗಳು ಆ ಉದ್ದಮನೆಯ ಒಂದೇ ಸೂರಿನಡಿ ಇದ್ದವು ಎಂಬುದನ್ನೂ ನೋಡುಗ ಮರೆಯಬಾರದು.

ಸಭಾಂಗಣದೊಳಗೆ ಪೂರ್ಣ ಪ್ರಮಾಣದಲ್ಲಿ ಕಟ್ಟಿದ ಉದ್ದಮನೆಯೊಂದಿದೆ. ಅದರೊಳಗೆ ಹೊಕ್ಕರೆ ಮಬ್ಬು ಬೆಳಕು, ಒಣಗಲು ತೂಗುಹಾಕಿದ ಮೀನು, ಹಲಗೆಯ ಜಗಲಿಗಳು. ಮಕಾ ಭಾಷೆಯಲ್ಲಿ ಜನ ಮಾತಾಡುವ ದನಿ ಕೇಳುತ್ತದೆ. ದೋಣಿಗಳನ್ನು ಮತ್ತು ಕೆಲವು ಪ್ರತಿಕೃತಿಗಳನ್ನು ಮುಟ್ಟಿ ನೋಡಬಹುದು. ಪ್ರತಿಕೃತಿಯೆಂದರೆ ಮೂಗು ಮುರಿಯುವ ಅಭ್ಯಾಸ ಹಲವರಿಗಿದೆ. ಇಲ್ಲಿ ಅದು ತಪ್ಪಾಗುತ್ತದೆ. ಗ್ಲೈಕಾಲ್ ತುಂಬಿದ ಮೂಲವಸ್ತುವಿನ ತೂಕ ಮತ್ತು ಮೈಯ ನವಿರು ಬಳಕೆಯ ಕಾಲದ್ದಲ್ಲ; ಹೊಸ ಸೀಡರಿನಲ್ಲಿ ಊರಿನ ಕೆತ್ತನೆಗಾರರು ಮಾಡಿದ ದೋಣಿಯ ಅಂಚಿನ ಮೇಲೆ ಅಂಗೈ ಆಡಿಸಿದಾಗಲೇ ಆ ಕಾಲದವನ ಕೈಗೆ ಅದು ಹೇಗೆ ಸಿಗುತ್ತಿತ್ತೆಂಬುದು ತಿಳಿಯುವುದು. ಪ್ರತಿಕೃತಿ ಮಾಡುವ ನೆವದಲ್ಲಿ ಕೆತ್ತನೆಯ ಕೌಶಲವೂ ಊರಿನಲ್ಲಿ ಬಲಗೊಂಡಿತು.

ನೋಡುಗನಿಗೆ ಕಾಣದ ಉಗ್ರಾಣ

ಪ್ರದರ್ಶನದಲ್ಲಿರುವುದು ಸಂಗ್ರಹದ ಒಂದು ಸಣ್ಣ ಪಾಲು ಮಾತ್ರ. ಉಳಿದದ್ದೆಲ್ಲ ಉಗ್ರಾಣದಲ್ಲಿದೆ, ಸಾಮಾನ್ಯ ನೋಡುಗರಿಗೆ ಅಲ್ಲಿ ಪ್ರವೇಶವಿಲ್ಲ. ಹಾಗಿದ್ದೂ ಈ ಪ್ರಕರಣದ ಅತ್ಯಂತ ಸ್ವಾರಸ್ಯಕರ ಭಾಗ ಅಲ್ಲೇ ಇದೆಯೆಂಬುದು ನನ್ನ ಅನಿಸಿಕೆ.

ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ವಸ್ತುಗಳನ್ನು ಮರ, ಮೂಳೆ, ಕಲ್ಲು ಎಂದು ದ್ರವ್ಯದಂತೆಯೋ, ಆಯುಧ, ಪಾತ್ರೆ, ಆಭರಣ ಎಂದು ಉಪಯೋಗದಂತೆಯೋ ವಿಂಗಡಿಸುತ್ತಾರೆ. ಇಲ್ಲಿ ಹಿರಿಯರ ನೆರವಿನಿಂದ ಪ್ರತಿ ಬಗೆಯ ವಸ್ತುವಿಗೂ ಮಕಾ ಭಾಷೆಯ ಹೆಸರನ್ನು ಗುರುತಿಸಿ, ಆ ಹೆಸರುಗಳು ಒಂದಕ್ಕೊಂದು ಹೇಗೆ ನಂಟು ಹೊಂದಿವೆ ಎಂಬುದನ್ನು ವರ್ಗೀಕರಣಕ್ಕೆ ಆಧಾರ ಮಾಡಿಕೊಂಡರು. ಇಂಗ್ಲಿಷಿನ ಪಟ್ಟಿಯಲ್ಲಿ ದೂರ ದೂರ ಬೀಳುವ ವಸ್ತುಗಳು ಆ ಭಾಷೆಯ ಪದರಚನೆಯಲ್ಲಿ ಒಂದೇ ಗುಂಪಿಗೆ ಸೇರುತ್ತವೆ. ಅದರ ಜೊತೆಗೆ, ಯಾವ ಮನೆಯಿಂದ ಬಂದ ವಸ್ತು ಎಂಬುದನ್ನೂ ಪಾಲಿಸಿದರು: ಒಂದು ಮನೆತನದ ಸೊತ್ತು ಇನ್ನೊಂದು ಮನೆತನದ ಸೊತ್ತಿನೊಡನೆ ಬೆರೆಯಬಾರದು ಎಂಬುದು ಆ ಸಮಾಜದ ಕಟ್ಟುಪಾಡು. ತಿಮಿಂಗಿಲ ಬೇಟೆಯ ಸಲಕರಣೆಯಂಥ ಕೆಲವನ್ನು ಗಂಡಸರೇ ಮುಟ್ಟಬೇಕು, ಇನ್ನು ಕೆಲವಕ್ಕೆ ಬೇರೆ ಕಟ್ಟಳೆಗಳಿವೆ. ಸಿಬ್ಬಂದಿಗೆ ತಿಳಿಯುವಂತೆ ಅದನ್ನೂ ಗುರುತು ಮಾಡಲಾಗಿದೆ. ದೂರದ ಸಂಸ್ಥೆಯೊಂದು ಇಂಥ ವ್ಯವಸ್ಥೆಯನ್ನು ತಾನಾಗಿ ರೂಪಿಸುತ್ತಿತ್ತೆಂದು ನಾನು ನಂಬಲಾರೆ. ವಸ್ತುವಿನ ಹೆಸರು ಬಲ್ಲವರು ನಡೆದು ಬರುವಷ್ಟು ಹತ್ತಿರದಲ್ಲಿದ್ದುದರಿಂದಲೇ ಅದು ಸಾಧ್ಯವಾಯಿತು.

ಹತ್ತಿರದಲ್ಲಿದ್ದ ಆ ಹಿರಿಯರ ಸಂಖ್ಯೆ ಕರಗುತ್ತಿತ್ತೆಂಬುದೇ ಆಗಿನ ಆತುರಕ್ಕೆ ಕಾರಣ. ಶಾಲೆಯಲ್ಲಿ ತಾಯ್ನುಡಿಯಾಡಿದರೆ ಶಿಕ್ಷೆ ಅನುಭವಿಸಿ ಬೆಳೆದ ತಲೆಮಾರು ಅದು. ಮಣ್ಣಿನಿಂದೆದ್ದ ವಸ್ತುವನ್ನು ಕೈಗೆ ಕೊಟ್ಟಾಗ ಅವರ ಬಾಯಿಂದ ಅದರ ಹೆಸರು, ಅದನ್ನು ಹಿಡಿಯುವ ರೀತಿ, ಅಜ್ಜನ ಮನೆಯಲ್ಲಿ ಕಂಡ ಅಂಥದ್ದೇ ಇನ್ನೊಂದರ ನೆನಪು ಹೊರಬರುತ್ತಿದ್ದವು. ಅಗೆತ ನಡೆಯುತ್ತಿದ್ದ 1970ರ ದಶಕದಲ್ಲೇ ಮಕಾ ಭಾಷೆಗೆ ಲಿಪಿ ರೂಪುಗೊಂಡಿತು, ಭಾಷಾ ಕಾರ್ಯಕ್ರಮ ಕೇಂದ್ರದ ಅಂಗವಾಯಿತು, ಊರಿನ ಶಾಲೆಯಲ್ಲಿ ಪಾಠಗಳು ಶುರುವಾದವು. ಮಕಾವನ್ನು ಮೊದಲ ನುಡಿಯಾಗಿ ನಿರರ್ಗಳವಾಗಿ ಆಡುತ್ತಿದ್ದ ಕೊನೆಯವರಾದ ರೂತ್ ಕ್ಲಾಪ್ಲನ್‌ಹೂ 2002ರಲ್ಲಿ ನೂರು ವರ್ಷ ತುಂಬಿದ ವಯಸ್ಸಿನಲ್ಲಿ ತೀರಿಕೊಂಡರು. ಅಗೆತ ಮೂರು ದಶಕ ತಡವಾಗಿದ್ದರೆ ವಸ್ತುಗಳು ಸಿಗುತ್ತಿದ್ದವು, ಅವುಗಳ ಹೆಸರುಗಳಲ್ಲಿ ಬಹಳಷ್ಟು ಸಿಗುತ್ತಿರಲಿಲ್ಲ.

ಊರಿನಲ್ಲೇ ಇಟ್ಟುಕೊಳ್ಳುವುದಕ್ಕೆ ತೆರಬೇಕಾದ ಬೆಲೆಯೂ ಇದೆ, ಅದನ್ನು ಮುಚ್ಚಿಡಬಾರದು. ಗ್ಲೈಕಾಲ್ ಉಪಚಾರ ಪಡೆದ ಮರ ತೇವದ ಏರುಪೇರನ್ನು ತಾಳದು. ಸದಾ ಮಳೆ ಮಂಜಿನ ಕಡಲ ತೀರದಲ್ಲಿ ಅದಕ್ಕೆ ಸಮನಾದ ಹವೆಯನ್ನು ವರ್ಷವಿಡೀ ಕಾಯಬೇಕು. ಮಹಾನಗರದ ಸಂಸ್ಥೆಗೆ ಬರುವ ಜನಸಂದಣಿ ರಸ್ತೆಯ ಕೊನೆಯ ಊರಿಗೆ ಬರುವುದಿಲ್ಲ, ಸಂಶೋಧಕರೂ ಅಷ್ಟು ದೂರ ಪ್ರಯಾಣ ಮಾಡಬೇಕು. 2020ರ ಮಾರ್ಚಿನಲ್ಲಿ ಸಾಂಕ್ರಾಮಿಕ ಹಬ್ಬಿದಾಗ ಮಕಾ ಮಂಡಳಿ ತನ್ನ ಹಿರಿಯರ ರಕ್ಷಣೆಗಾಗಿ ಮೀಸಲು ಪ್ರದೇಶವನ್ನೇ ಹೊರಗಿನವರಿಗೆ ಸುಮಾರು ಎರಡು ವರ್ಷ ಮುಚ್ಚಿತು. 1852-53ರ ಸಿಡುಬು ಊರೂರನ್ನೇ ಬರಿದು ಮಾಡಿದ್ದ ನೆನಪುಳ್ಳ ಜನಕ್ಕೆ ಆ ನಿರ್ಧಾರ ಕಷ್ಟದ್ದಾಗಿರಲಾರದು. ಆದರೆ ಪ್ರವಾಸಿಗರಿಂದ ಬರುವ ಹಣ ಅಷ್ಟೂ ದಿನ ನಿಂತುಹೋಯಿತು.

ಕುಸಿತದ ನಂತರದ ಕಾಲ

ಓಜೆಟ್‌ನ ವಸ್ತುಗಳು ಕುಸಿತಕ್ಕಿಂತ ಮುಂಚಿನವಾದ್ದರಿಂದ ಅದರ ಬಳಿಕ ನಡೆದದ್ದನ್ನು ಅವು ಹೇಳಲಾರವು. ಇದು ಪ್ರದರ್ಶನದ ಸಹಜ ಮಿತಿ, ಮತ್ತು ನೋಡುಗ ತಾನೇ ತುಂಬಿಕೊಳ್ಳಬೇಕಾದ ಜಾಗ. 1778ರಲ್ಲಿ ಕ್ಯಾಪ್ಟನ್ ಕುಕ್ ನೀಯಾ ಬೇ ಬಳಿಯ ಭೂಶಿರಕ್ಕೆ ಕೇಪ್ ಫ್ಲಾಟರಿ ಎಂದು ಹೆಸರಿಟ್ಟು ಮುಂದೆ ಸಾಗಿದ. 1792ರಲ್ಲಿ ಸ್ಪೇನಿನವರು ನೀಯಾ ಬೇಯಲ್ಲಿ ಕೋಟೆಯೊಂದನ್ನು ಕಟ್ಟಿ ಕೆಲವೇ ತಿಂಗಳಲ್ಲಿ ಬಿಟ್ಟುಹೋದರು. ಸಿಡುಬು ಬಂದುಹೋದ ಬೆನ್ನಿಗೇ, 1855ರ ಜನವರಿ 31ರಂದು, ಗವರ್ನರ್ ಐಸಾಕ್ ಸ್ಟೀವನ್ಸ್ ಅವರೊಡನೆ ನೀಯಾ ಬೇ ಒಪ್ಪಂದವಾಯಿತು. ಮಕಾ ಮುಖಂಡರು ಅಪಾರ ನೆಲವನ್ನು ಬಿಟ್ಟುಕೊಟ್ಟರು, ಕಡಲಿನ ಹಕ್ಕನ್ನು ಮಾತ್ರ ಬಿಡಲಿಲ್ಲ. ತಿಮಿಂಗಿಲ ಬೇಟೆಯ ಹಕ್ಕನ್ನು ಸ್ಪಷ್ಟ ಮಾತಿನಲ್ಲಿ ಉಳಿಸಿಕೊಂಡ ಒಪ್ಪಂದ ಅಮೆರಿಕದಲ್ಲಿ ಇದೊಂದೇ.

ವ್ಯಾಪಾರಿ ಹಡಗುಗಳು ತಿಮಿಂಗಿಲಗಳನ್ನು ಅಳಿವಿನ ಅಂಚಿಗೆ ತಂದಾಗ, 1920ರ ದಶಕದಲ್ಲಿ ಮಕಾ ಜನ ಬೇಟೆಯನ್ನು ನಿಲ್ಲಿಸಿದರು. ಬೂದು ತಿಮಿಂಗಿಲದ ಸಂತತಿ ಚೇತರಿಸಿಕೊಂಡು 1994ರಲ್ಲಿ ಅಳಿವಿನಂಚಿನ ಪಟ್ಟಿಯಿಂದ ಅದು ಹೊರಬಂದ ಮೇಲೆ, ಬಿರುಸಾದ ವಿರೋಧದ ನಡುವೆ, 1999ರ ಮೇ 17ರಂದು ಸೀಡರ್ ದೋಣಿಯಿಂದ ಒಂದು ತಿಮಿಂಗಿಲವನ್ನು ಬೇಟೆಯಾಡಿದರು. ಅದರ ಮೂಳೆಗಳನ್ನು ಊರಿನ ಪ್ರೌಢಶಾಲೆಯ ಮಕ್ಕಳು ಶುಚಿಗೊಳಿಸಿ ಜೋಡಿಸಿದರು. ಆ ಅಸ್ಥಿಪಂಜರ ಈಗ ಸಂಗ್ರಹಾಲಯದೊಳಗೆ ಇದೆ. ಬಳಿಕ ಎರಡು ದಶಕಕ್ಕೂ ಹೆಚ್ಚು ಕಾಲ ನ್ಯಾಯಾಲಯ ಮತ್ತು ಪರಿಶೀಲನೆಗಳಲ್ಲಿ ಕಳೆದು, 2024ರ ಜೂನ್‌ನಲ್ಲಿ ಒಕ್ಕೂಟ ಸರ್ಕಾರದ ಸಂಸ್ಥೆ ಹತ್ತು ವರ್ಷಗಳಲ್ಲಿ ಗರಿಷ್ಠ 25 ಬೂದು ತಿಮಿಂಗಿಲಗಳ ಬೇಟೆಗೆ ಅವಕಾಶವಾಗುವಂತೆ ಕಡಲ ಸಸ್ತನಿಗಳ ಬೇಟೆಯ ಮೇಲಿನ ನಿಷೇಧದಿಂದ ವಿನಾಯಿತಿ ನೀಡಿತು. ಹಲ್ಲುಗಳ ಕೆತ್ತನೆಯ ಮುಂದೆ ನಿಂತು ಬಂದವನು ಈ ಅಸ್ಥಿಪಂಜರದ ಕೆಳಗೆ ಬಂದಾಗ, ನಡುವಿನ ಶತಮಾನಗಳ ಜಗಳ, ರೋಗ, ಶಾಲೆ, ಒಪ್ಪಂದಗಳೆಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಬೇಟೆಯ ಬಗ್ಗೆ ನೋಡುಗನ ಅಭಿಪ್ರಾಯ ಏನೇ ಇರಲಿ, ವಾದದ ಒಂದು ಪಕ್ಷವನ್ನು ಅದರ ಮನೆಯಲ್ಲೇ, ಅದರ ವಸ್ತುಗಳ ಎದುರಿನಲ್ಲೇ ಕೇಳಿಸಿಕೊಳ್ಳುವ ಅವಕಾಶ ಬೇರೆಲ್ಲೂ ಇಲ್ಲ.

ಕೇಪ್ ಅಲಾವಾದ ದಾರಿ

ಸಾಧ್ಯವಿದ್ದವರು ಇನ್ನೊಂದು ದಿನ ಉಳಿಸಿಕೊಂಡು ಓಜೆಟ್‌ಗೆ ಹೋಗಬೇಕು. ಮೀಸಲು ಪ್ರದೇಶದ ಕಾಲುದಾರಿಗಳಲ್ಲಿ ಓಡಾಡಲು ಮಕಾ ಮಂಡಳಿಯ ಮನರಂಜನಾ ಪರವಾನಗಿ ಬೇಕು. ಓಜೆಟ್ ಸರೋವರದಿಂದ ಹೊರಡುವ ಕಾಲುದಾರಿ ಒಲಿಂಪಿಕ್ ರಾಷ್ಟ್ರೀಯ ಉದ್ಯಾನದ್ದಾದ್ದರಿಂದ ಅದರ ನಿಯಮಗಳು ಬೇರೆ. ಸೀಡರ್ ಹಲಗೆ ಹಾಸಿದ, ಮಳೆಗೆ ಜಾರುವ ದಾರಿ ಅದು. ಕಡಲಿಗೆ ಇಳಿದು ದಕ್ಷಿಣಕ್ಕೆ ನಡೆದರೆ ಬಂಡೆಗಳ ಮೇಲೆ ಕೊರೆದ ತಿಮಿಂಗಿಲಗಳ, ಮುಖಗಳ ಮತ್ತು ಹಾಯಿಹಡಗೊಂದರ ಚಿತ್ರಗಳು ಕಾಣುತ್ತವೆ. ಹಳ್ಳಿಯಿದ್ದ ಕಡೆ ಹುಲ್ಲು ಬೆಳೆದ ದಿನ್ನೆ, ಅದರ ಹಿಂದೆ ಕಾಡಿನ ಏರು. ಅಗೆದ ಮನೆಗಳ ನೆಲವನ್ನು 1981ರಲ್ಲಿ ಮತ್ತೆ ಮಣ್ಣಿನಿಂದ ಮುಚ್ಚಿದರು. ಹಳ್ಳಿಯ ಬಹುಭಾಗವನ್ನು ಅಗೆಯಲೇ ಇಲ್ಲ. ಅದು ಗುಡ್ಡದ ಒರತೆಯಲ್ಲಿ ನೆನೆಯುತ್ತಾ ಆ ಜೇಡಿಮಣ್ಣಿನ ಕೆಳಗೆ ಹಾಗೆಯೇ ಇದೆ.